ತಂಗಿಯ ಉತ್ತರದೊಳಗಿನ ಅಣ್ಣ

ಭಾನುವಾರ ತಿಂಡಿಯಾದ ಮೇಲೆ ಪ್ರದ್ಯುತ್ ಹಾಜ್ರಾ ಲುಂಗಿಯ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅದಕ್ಕೊಂದು ಟೈ ಬಿಗಿದುಕೊಂಡು ಊಟದ ಮೇಜಿನ ಆಚೆ ಬದಿಗೆ ಕೂತನೆಂದರೆ ಅವನು ಲಂಡನ್ನಿನ ಬ್ಯಾಂಕಿನ ಸಾಹೇಬ. ಈಚೆ ಬದಿಗೆ ಅವನ ತಂಗಿ ತೊರ್ಷಾ. ಮನೆಯಲ್ಲಿ ಅವಳನ್ನು ಕರೆಯುವುದು ಟುಸಿ ಎಂದು, ಅವಳು ಅಣ್ಣನನ್ನು ಕರೆಯುವುದು ದಾದಾ ಎಂದು. ಕೊಲ್ಕತ್ತದ ದಕ್ಷಿಣದ ಅಂಚಿನಲ್ಲಿರುವ ಮ್ಯಾನೇಜ್‌ಮೆಂಟ್ ಕಾಲೇಜಿನ ಹಾಸ್ಟೆಲಿನಿಂದ ಅವಳು ವಾರಕ್ಕೊಮ್ಮೆ ಶ್ರೀರಾಮಪುರದ ಮನೆಗೆ ಬರುತ್ತಿದ್ದಳು. ಡಿಸೆಂಬರಿನಲ್ಲಿ ದೊಡ್ಡ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಕಾಲೇಜಿಗೇ ಬಂದು ಸಂದರ್ಶನ ಮಾಡಿ ತಮಗೆ ಬೇಕಾದವರನ್ನು ಆರಿಸಿಕೊಂಡು ಹೋಗುತ್ತವೆ. ಅದಕ್ಕಾಗಿ ಈ ತಾಲೀಮು.

"ಒಂದು ಕಂಪನಿಗೆ ಬೆಲೆ ಕಟ್ಟೋದು ಹೇಗೆ, ಹೇಳಿ ಮಿಸ್ ಹಾಜ್ರಾ."

"ದಾದಾ, ಕಾಲು ಅಲ್ಲಾಡಿಸಬೇಡ. ಮೇಜು ನಡುಗುತ್ತೆ."

"ಸಾಹೇಬ್ರಿಗೇ ಕಾಲು ಅಲ್ಲಾಡಿಸಬೇಡಿ ಅಂತೀಯಾ? ಎದ್ದು ನಡಿ. ಮುಂದಿನವರನ್ನ ಕಳಿಸು."

ಒಳಗಿನಿಂದ ಅಮ್ಮನ ದನಿ ಬರುತ್ತಿತ್ತು. "ಭೊಂಬೋಲ್, ಆ ಟೈಗೆ ಆಲೂಗಡ್ಡೆ ಪಲ್ಯ ತಾಗಿದ್ರೆ ನಾನಂತೂ ಒಗೆಯಲ್ಲ."

ಮೂವತ್ತೇಳು ತುಂಬಿದರೂ ಅಮ್ಮನಿಗೆ ಅವನು ಭೊಂಬೋಲನೇ. ಕೊಲ್ಕತ್ತದ ಡಾಲ್‌ಹೌಸಿಯ ಒಂದು ಚಿಕ್ಕ ಆಡಿಟ್ ಕಚೇರಿಯಲ್ಲಿ ಅವನಿಗೆ ಕೆಲಸ. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದು, ಸರಿಯಿದ್ದಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕುವುದು. ಹಾಕಿದ ಗುರುತಿನ ಕೆಳಗೆ ಸಹಿ ಮಾಡುವ ಹಕ್ಕು ಮಾತ್ರ ಅವನಿಗಿರಲಿಲ್ಲ. ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಆಗಿರಬೇಕು. ಆ ಪರೀಕ್ಷೆಯ ಕೊನೆಯ ಹಂತದಲ್ಲಿ ಎರಡು ಭಾಗ. ಮೊದಲನೆಯ ಭಾಗ ಅವನಿಗೆ ಒಂದೇ ಏಟಿಗೆ ದಕ್ಕಿತು. ಎರಡನೆಯದು ದಕ್ಕಲೇ ಇಲ್ಲ.

ಒಂದು ಸಲ ಎರಡು, ಇನ್ನೊಂದು ಸಲ ನಾಲ್ಕು ಅಂಕಕ್ಕೆ ಹೋಯಿತು. ಒಮ್ಮೆ ಅವನು ಪರೀಕ್ಷೆಗೆ ಕೂರಲೇ ಇಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದರು, ಅಲ್ಲಿಂದ ಮನೆಗೆ ಬರಲೂ ಇಲ್ಲ. ಟುಸಿ ಆಗ ನಾಲ್ಕನೇ ತರಗತಿಯ ಹುಡುಗಿ. ಕೂರದ ಆ ಸಲವನ್ನೂ ಸೇರಿಸಿ ಓಣಿಯವರು ಅವನ ಸೋಲುಗಳ ಲೆಕ್ಕ ಇಟ್ಟಿದ್ದರು. ಫಲಿತಾಂಶದ ದಿನ ಮಿಠಾಯಿ ಅಂಗಡಿಯ ಗೋರಾದಾ ಕೂಗಿ ಕೇಳುತ್ತಿದ್ದ: "ಏನಪ್ಪಾ, ಈ ಸಲನಾದ್ರೂ ರಸಗುಲ್ಲದ ಮಡಕೆ ಎತ್ತಿಡಲಾ? ಅಥವಾ ಬೇರೆಯವರಿಗೆ ಮಾರಿಬಿಡಲಾ?" ಗೋರಾದಾ ಕೆಟ್ಟವನಲ್ಲ. ಪ್ರದ್ಯುತ್ ಮಾರಿಬಿಡಿ ಅಂದ ದಿನ ಗೋರಾದಾನೂ ಅಂಗಡಿಯ ದೀಪ ಬೇಗ ಆರಿಸುತ್ತಿದ್ದ.

ಮೂರು ವರ್ಷದ ಹಿಂದೆ ಪ್ರದ್ಯುತ್ "ಸಾಕು ಮಾ, ಬಿಟ್ಟೆ" ಎಂದ. ಅಮ್ಮ ಆ ದಿನ ಕುರಿಮಾಂಸ ತರಿಸಿ ಅಡುಗೆ ಮಾಡಿದಳು. ಮನೆಯಲ್ಲಿ ಬಹಳ ದಿನ ಮುಚ್ಚಿಟ್ಟಿದ್ದ ಕಿಟಕಿ ತೆಗೆದ ಹಾಗಾಯಿತು.

ಈಗ ಈ ವರ್ಷ, ತಂಗಿಯನ್ನು ಸಂದರ್ಶನಕ್ಕೆ ತಯಾರು ಮಾಡುತ್ತ ಮಾಡುತ್ತ ಒಂದು ವಿಚಿತ್ರ ನಡೆಯಿತು. ಪ್ರಶ್ನೆ ಕೇಳಬೇಕಾದರೆ ಉತ್ತರ ಗೊತ್ತಿರಬೇಕಲ್ಲ ಎಂದು ಅವನು ಅವಳ ಪುಸ್ತಕಗಳನ್ನು ತಿರುವಿ ಹಾಕತೊಡಗಿದ. ತನ್ನ ಪರೀಕ್ಷೆಯಲ್ಲಿ ವರ್ಷಾನುಗಟ್ಟಲೆ ತಲೆಗೆ ಹತ್ತದಿದ್ದ ವಿಷಯವೇ, ಅವಳಿಗೆ ಹೇಳಿಕೊಡಲು ಹೊರಟಾಗ ತಾನಾಗಿ ಬಿಡಿಸಿಕೊಂಡಿತು. ಒಂದು ಭಾನುವಾರ ಟುಸಿ ತಡವರಿಸಿದ ಲೆಕ್ಕವನ್ನು ಅವನು ಬಾಯಲ್ಲೇ ಮುಗಿಸಿದ. ಮುಗಿಸಿದ ಮೇಲೆ ತನ್ನ ಬಾಯಿಂದ ಬಂದದ್ದು ತನಗೇ ನಂಬಿಕೆಯಾಗದೆ ಪುಸ್ತಕದ ಹಿಂದಿನ ಉತ್ತರ ತೆಗೆದು ನೋಡಿದ. ಮರುದಿನ ಕಚೇರಿಯಿಂದಲೇ, ತಾನು ಬಿಟ್ಟಿದ್ದ ಆ ಎರಡನೆಯ ಭಾಗದ ಜನವರಿಯ ಪರೀಕ್ಷೆಗೆ ಹೆಸರು ಕೊಟ್ಟ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಮ್ಮ ಮತ್ತೆ ಉಪವಾಸ ಶುರು ಮಾಡುತ್ತಾಳೆ, ಗೋರಾದಾ ಮತ್ತೆ ಮಡಕೆ ಎತ್ತಿಡುತ್ತಾನೆ. ಪಾಸಾದ ಮೇಲೆ ಹೇಳಿದರಾಯಿತು. ಈ ಸಲ ಪಾಸಾಗುತ್ತೇನೆಂದು ಅವನಿಗೆ ಅನ್ನಿಸಿತ್ತು. ಹಿಂದೆಯೂ ಅನ್ನಿಸಿದ್ದುಂಟು, ಆದರೆ ಅದು ಆಸೆ. ಇದು ಹಾಗಲ್ಲ, ಲೆಕ್ಕ ತಾಳೆಯಾದಾಗ ಆಗುವ ಸಮಾಧಾನದ ಹಾಗಿತ್ತು.

ಟುಸಿಗೆ ಲೆಕ್ಕದಲ್ಲಿ ತೊಡಕಿರಲಿಲ್ಲ. ತೊಡಕಿದ್ದದ್ದು ಕಥೆಯಲ್ಲಿ. ಈ ಬ್ಯಾಂಕಿನವರು ಲೆಕ್ಕ ಕೇಳಿ ಮುಗಿಸಿ, "ನಿನ್ನನ್ನು ರೂಪಿಸಿದ ಒಂದು ಸೋಲಿನ ಬಗ್ಗೆ ಹೇಳು" ಎನ್ನುತ್ತಾರೆ. ಅದಕ್ಕೆ ಎಲ್ಲರೂ ಒಂದು ಕಥೆ ಸಿದ್ಧ ಮಾಡಿ, ತಿದ್ದಿ, ಬಾಯಿಪಾಠ ಮಾಡಿಕೊಂಡಿರುತ್ತಾರೆ. ತಿದ್ದಿಕೊಡಲು ಪ್ರತಿಯೊಬ್ಬರಿಗೂ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಇರುತ್ತಾನೆ. ಟುಸಿಗೆ ಸಿಕ್ಕಿದವನು ಮುಂಬೈಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಋತುರಾಜ್. ಅವನೊಡನೆ ವೀಡಿಯೊದಲ್ಲಿ ನಡೆಯುವ ತಾಲೀಮು ರೆಕಾರ್ಡ್ ಆಗಿ ತಾನಾಗಿ ಅಣ್ಣನ ಫೋನಿಗೂ ಬರುವಂತೆ ಟುಸಿಯೇ ಮಾಡಿಕೊಟ್ಟಿದ್ದಳು. ಎಲ್ಲೆಲ್ಲಿ ತಡವರಿಸಿದಳು, ಯಾವ ಪದ ಅತಿಯಾಯಿತು ಎಂದು ಅವನು ಕೇಳಿ ಬರೆದು ಕಳಿಸಬೇಕು. ಅದು ಅವನಿಗೆ ಇಷ್ಟದ ಕೆಲಸ.

ನವೆಂಬರಿನ ಒಂದು ಬುಧವಾರ ಬೆಳಿಗ್ಗೆ ಹೌರಾ ಲೋಕಲ್‌ನಲ್ಲಿ ಅವನು ಹೊಸ ರೆಕಾರ್ಡಿಂಗ್ ಹಾಕಿಕೊಂಡ. ಎದುರಿಗೆ ದಿನವೂ ಒಟ್ಟಿಗೆ ಹೋಗುವವರು ಮೊಣಕಾಲುಗಳ ಮೇಲೆ ಪೇಪರು ಹಾಸಿ ಇಸ್ಪೀಟು ಆಡುತ್ತಿದ್ದರು.

"ಏನಪ್ಪಾ ಪ್ರದ್ಯುತ್, ಕಿವಿಗೆ ವಯರು ಸಿಗಿಸ್ಕೊಂಡು ಯಾರ ದನಿ ಕೇಳ್ತಿದ್ದೀಯ? ಮದ್ವೆ ಗಿದ್ವೆ ಇದ್ರೆ ಹೇಳಪ್ಪಾ, ಪಂಚೆ ಒಗೆಸ್ಕೋಬೇಕು" ಎಂದ ಅವರಲ್ಲಿ ಹಿರಿಯನಾದ ನಿತಾಯಿದಾ.

"ತಂಗಿ ಇಂಟರ್‌ವ್ಯೂದು, ನಿತಾಯಿದಾ. ನೀವು ಎಲೆ ಇಳಿಸಿ. ಕೈಯಲ್ಲಿ ಗುಲಾಮ ಇಟ್ಕೊಂಡು ನನ್ನ ಮೇಲೆ ಕಣ್ಣು ಹಾಕ್ತೀರಿ."

ಎಲ್ಲರೂ ನಕ್ಕರು. ಕಿವಿಯಲ್ಲಿ ಋತುರಾಜ್ ಮಾತಾಡುತ್ತಿದ್ದ. "ಶಾಲೆಯ ಚರ್ಚಾಸ್ಪರ್ಧೆ ಸೋತೆ ಅನ್ನೋದು ಸೋಲಲ್ಲ ತೊರ್ಷಾ, ಜಂಬ. ನಿಜವಾದ ಸೋಲು ಕೊಡು. ನಿಂದೇ ಆಗ್ಬೇಕು ಅಂತಿಲ್ಲ. ಮನೇಲಿ ಯಾರೂ ಸೋತೇ ಇಲ್ವಾ?"

ಆಮೇಲೆ ಟುಸಿಯ ದನಿ, ಮೊದಲು ಮೆಲ್ಲಗೆ.

"ನನಗೊಬ್ಬ ಅಣ್ಣ ಇದ್ದಾನೆ. ನಾನು ನೋಡಿದವರಲ್ಲೇ ಅವನಷ್ಟು ಕಷ್ಟಪಡೋರು ಯಾರೂ ಇಲ್ಲ. ಒಂದೇ ಪರೀಕ್ಷೆಗೆ ಹತ್ತು ವರ್ಷ ಕೊಟ್ಟ. ಆಗಲ್ಲ ಅಂತ ಎಲ್ರಿಗೂ ಗೊತ್ತಾಗಿತ್ತು, ಅವನಿಗೆ ಯಾರೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಕೊನೆಗೊಂದು ದಿನ ತಾನೇ ಬಿಟ್ಟ. ಆವತ್ತು ಅವನು ಹೊಟ್ಟೆ ತುಂಬ ಊಟ ಮಾಡಿದ. ಅಷ್ಟು ವರ್ಷದಲ್ಲಿ ಅವನು ಹಾಗೆ ಉಂಡಿದ್ದು ನಾನು ನೋಡಿರ್ಲಿಲ್ಲ. ನಷ್ಟ ಆಗ್ತಿರೋದನ್ನ ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನ ನಾನು ಪುಸ್ತಕದಲ್ಲಿ ಕಲಿತಿಲ್ಲ. ಆ ದಿನ ಅವನ ತಟ್ಟೆ ನೋಡಿ ಕಲಿತೆ."

"ಬಂತು" ಎಂದ ಋತುರಾಜ್. "ಇದೇ. ಈಗ 'ಊಟ ಮಾಡಿದ' ಅನ್ನೋ ಕಡೆ ಒಂದು ಕ್ಷಣ ನಿಲ್ಲು. ಅವರು ನಿನ್ನ ಮುಖ ನೋಡ್ಲಿ. ಇನ್ನೊಂದ್ಸಲ ಹೇಳು."

ಟುಸಿ ಇನ್ನೊಂದು ಸಲ ಹೇಳಿದಳು. ಮತ್ತೊಂದು ಸಲ ಹೇಳಿದಳು. ಮೂರನೆಯ ಸಲಕ್ಕೆ ದನಿಯ ನಡುಕ ಹೋಗಿ, ನಿಲ್ಲಬೇಕಾದಲ್ಲಿ ಸರಿಯಾಗಿ ನಿಂತಳು.

ಆ ದಿನ ಅವನು ಅಷ್ಟು ಉಂಡದ್ದು ಅಮ್ಮ ಎದುರಿಗೆ ಕೂತು ನೋಡುತ್ತಿದ್ದಳು ಎಂಬ ಕಾರಣಕ್ಕೆ. ತುತ್ತು ತುತ್ತಿಗೂ ನೀರು ಕುಡಿದು ಇಳಿಸಿದ್ದ. ಪ್ರದ್ಯುತನಿಗೆ ಅದೆಲ್ಲ ನೆನಪಾಯಿತು, ಆದರೆ ಸಿಟ್ಟು ಬರಲಿಲ್ಲ. ಕಥೆ ಚೆನ್ನಾಗಿತ್ತು. ಅದೇ ಅವನಿಗೆ ತಡೆಯಲಾಗದೆ ಹೋದದ್ದು. ಹೌರಾದಲ್ಲಿ ಎಲ್ಲರೂ ಇಳಿದ ಮೇಲೂ ಅವನು ಕೂತೇ ಇದ್ದ. ನಿತಾಯಿದಾ ಹಿಂದಿರುಗಿ ಬಂದು ಭುಜ ಅಲುಗಿಸಿದ. "ಏಳಪ್ಪಾ. ಗಾಡಿ ವಾಪಸು ಹೋಗುತ್ತೆ."

ಕಚೇರಿಯಲ್ಲಿ ಎಂದಿನ ಹಾಗೆ ಬರೆದು ಕಳಿಸಿದ: "ಚೆನ್ನಾಗಿದೆ. ಮೊದಲ ಸಲ ಹೇಳಿದ್ದೇ ಒಳ್ಳೆಯದಿತ್ತು. ಕೊನೆಯ ವಾಕ್ಯದಲ್ಲಿ ಅವಸರ."

ಐದು ನಿಮಿಷಕ್ಕೆಲ್ಲ ಟುಸಿಯ ಫೋನು ಬಂತು. "ದಾದಾ, ಅದು ನಿನಗೂ ಬರುತ್ತೆ ಅನ್ನೋದೇ ಮರೆತುಹೋಗಿತ್ತು" ಎಂದಳು. "ಭಾನುವಾರ ಬಾ" ಎಂದು ಅವನೇ ಇಟ್ಟುಬಿಟ್ಟ.

ಭಾನುವಾರ ಅವಳು ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಅದನ್ನ ತೆಗೆದುಹಾಕ್ತೀನಿ ದಾದಾ. ಬೇರೆ ಏನಾದ್ರೂ ಹುಡುಕ್ತೀನಿ."

"ಯಾಕೆ? ಸುಳ್ಳೇನಾದ್ರೂ ಇದೆಯಾ ಅದರಲ್ಲಿ?"

"ಸುಳ್ಳಲ್ಲ. ಆದ್ರೆ ನಿಂದು ಅದು. ನಿನ್ನ ಕೇಳದೆ ತಗೊಂಡೆ."

"ಚಿಕ್ಕವಳಿದ್ದಾಗ ನನ್ನ ಜೇಬಿಂದ ಚಿಲ್ಲರೆ ತಗೊಳ್ತಿದ್ದೆಯಲ್ಲ, ಆಗ ಕೇಳಿದ್ಯಾ? ಕೂತ್ಕೋ."

ಅವನು ಟೈ ಕಟ್ಟಿಕೊಳ್ಳಲಿಲ್ಲ. ಮೇಜಿನ ಆಚೆ ಕೂತು, ಸಾಹೇಬರ ದನಿಯಲ್ಲಿ, ಇಂಗ್ಲಿಷಿನಲ್ಲಿ ಕೇಳಿದ. "ಮಿಸ್ ಹಾಜ್ರಾ, ನಿಮ್ಮನ್ನು ರೂಪಿಸಿದ ಒಂದು ಸೋಲಿನ ಬಗ್ಗೆ ಹೇಳಿ."

"ದಾದಾ, ಬೇಡ."

"ಇಲ್ಲಿ ದಾದಾ ಯಾರೂ ಇಲ್ಲ."

ಅವನ ಮುಖ ನೋಡಿಕೊಂಡೇ ಅವಳು ಹೇಳಿದಳು. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಗಳು ಎಲ್ಲೂ ತಡವರಿಸದೆ, ತಲೆ ಎತ್ತಿ ಹೇಳುವುದನ್ನು ಅವಳು ಕಣ್ತುಂಬ ನೋಡಿದಳು.

"ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡು. ಏನಂತೆ ಭೊಂಬೋಲ್?"

"ವ್ಯಾಪಾರದ ವಿಷಯ ಮಾ. ನಷ್ಟ ಬರ್ತಿದ್ರೆ ಏನ್ಮಾಡ್ಬೇಕು ಅಂತ."

"ನಿಮ್ಮಪ್ಪ ಇರಬೇಕಿತ್ತು" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಟುಸಿ ಮೇಜಿನ ಮೇಲೆ ತಲೆಯಿಟ್ಟಳು. ಪ್ರದ್ಯುತ್ ಅವಳ ಜಡೆ ಹಿಡಿದು ಮೆಲ್ಲಗೆ ಎತ್ತಿದ.

"ಕೊನೆಯ ವಾಕ್ಯ ಇನ್ನೂ ಅವಸರ" ಎಂದ. "ಮತ್ತೆ ಹೇಳು."

ಜನವರಿಯ ಪರೀಕ್ಷೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ಆ ಕ್ಷಣವೇ ಕಥೆಯನ್ನು ಕೈಬಿಡುತ್ತಿದ್ದಳು. ಬೇರೆ ಕಥೆ ಅವಳ ಬಳಿ ಇರಲಿಲ್ಲ. ಅವನು ಹೇಳಲಿಲ್ಲ.

ಡಿಸೆಂಬರಿನ ಎರಡನೆಯ ವಾರ ಅವಳಿಗೆ ಕೆಲಸ ಸಿಕ್ಕಿತು. ಕೆಲಸ ಮುಂಬೈಯಲ್ಲಿ, ಬ್ಯಾಂಕು ಲಂಡನ್ನಿನದೇ. ಗೋರಾದಾ ದೊಡ್ಡ ಮಡಕೆಯನ್ನು ತಾನೇ ಹೊತ್ತು ತಂದ. "ಎಷ್ಟೋ ವರ್ಷದಿಂದ ಈ ಮನೆಗೆ ಎತ್ತಿಟ್ಟಿದ್ದೆ ಕಣಮ್ಮ ಟುಸಿ, ಈಗ ಬಂತು ನೋಡು" ಎಂದು ಹೇಳಿ, ಹೇಳಿದ್ದು ಎಲ್ಲಿಗೆ ತಾಗಿತೆಂದು ಹೊಳೆದು, ಪ್ರದ್ಯುತನ ಬೆನ್ನು ತಟ್ಟಿ, ಗಿರಾಕಿಗಳು ಕಾಯುತ್ತಿದ್ದಾರೆಂದು ಹೊರಟೇಹೋದ.

ಅಂದು ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತ ಟುಸಿ ಹೇಳಿದಳು. "ಅದನ್ನೇ ಕೇಳಿದ್ರು ದಾದಾ. ನಾನು ಬೇರೆ ಹೇಳೋಣ ಅಂತಿದ್ದೆ. ಬಾಯಿಗೆ ಅದೇ ಬಂತು. ಅವರಲ್ಲೊಬ್ಬರು ಹೆಂಗಸು ಪೆನ್ನು ಕೆಳಗಿಟ್ಟುಬಿಟ್ರು."

"ನೀನು ಹೇಳಿದ್ದನ್ನೆಲ್ಲ ಆಮೇಲೆ ಪರೀಕ್ಷೆ ಮಾಡಿ ನೋಡ್ತಾರಾ ಅವರು? ನಿಜವೋ ಸುಳ್ಳೋ ಅಂತ?"

"ಮಾರ್ಕ್ಸ್ ಕಾರ್ಡು ನೋಡ್ತಾರೆ. ಕಥೆ ಯಾರು ನೋಡ್ತಾರೆ? ಯಾಕೆ?"

"ಸುಮ್ನೆ ಕೇಳ್ದೆ" ಎಂದು ಅವನು ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ.

ಅವನ ಇಡೀ ಜೀವನ ಬೇರೆಯವರು ಹೇಳಿಕೊಂಡದ್ದು ನಿಜವೇ ಎಂದು ನೋಡುವುದರಲ್ಲೇ ಕಳೆದಿತ್ತು. ಅಣ್ಣ ಬಿಟ್ಟ, ಅದರಿಂದ ತಾನು ಕಲಿತೆ ಎಂದು ಟುಸಿ ಹೇಳಿದ್ದಾಳೆ. ಆ ಮಾತಿನ ಮೇಲೆ ಅವಳಿಗೆ ಕೆಲಸ ಬಂದಿದೆ. ಈಗ ತಾನು ಹೋಗಿ ಪರೀಕ್ಷೆಗೆ ಕೂತರೆ ಅವಳು ಹೇಳಿದ್ದು ಸುಳ್ಳಾಗುತ್ತದೆ. ಪಾಸಾದರೆ ಇನ್ನೂ ದೊಡ್ಡ ಸುಳ್ಳು. ಯಾರೂ ನೋಡುವುದಿಲ್ಲ, ನಿಜ. ಆದರೆ ಯಾರೂ ನೋಡುವುದಿಲ್ಲವೆಂದು ಅವನು ಯಾವತ್ತೂ ಒಂದು ಗುರುತು ಹಾಕಿದವನಲ್ಲ. ಇನ್ನೂ ಒಂದು ಮಾತಿತ್ತು. ಅದನ್ನು ಅವನು ತನಗೆ ತಾನೂ ಪೂರ್ತಿಯಾಗಿ ಹೇಳಿಕೊಳ್ಳಲಿಲ್ಲ. ರಾತ್ರಿ ಪುಸ್ತಕ ತೆಗೆದರೆ ಈಗ ತಲೆಯಲ್ಲಿ ಕೇಳುವುದು ಅವಳ ದನಿ. "ಆಗಲ್ಲ ಅಂತ ಎಲ್ರಿಗೂ ಗೊತ್ತಾಗಿತ್ತು." ಅವಳಿಗೂ ಗೊತ್ತಿತ್ತು ಎಂಬುದು ಆ ರೆಕಾರ್ಡಿಂಗ್ ಕೇಳುವವರೆಗೆ ಅವನಿಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ ಪರೀಕ್ಷೆಯ ದಿನ ಬೆಳಿಗ್ಗೆ ಅವನು ಎಂದಿನ ಗಾಡಿಗೇ ಹೋದ. ಪರೀಕ್ಷೆ ನಡೆಯುವ ಶಾಲೆ ಇದ್ದದ್ದು ಹೌರಾಕ್ಕಿಂತ ಮೊದಲು ಬರುವ ಲಿಲುವಾದಲ್ಲಿ. ಲಿಲುವಾ ಬಂದಾಗ ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ನಿತಾಯಿದಾನ ಕೈಯ ಎಲೆಗಳನ್ನು ನೋಡುತ್ತ ಕೂತ. ಕಚೇರಿಯಲ್ಲಿ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ರಜೆ ಕೇಳಿದ್ದೆಯಲ್ಲ ಪ್ರದ್ಯುತ್? ಏನೋ ಸ್ವಂತ ಕೆಲಸ ಅಂತ."

"ಆ ಕೆಲಸ ಆಯ್ತು ಸಾರ್."

ಮಧ್ಯಾಹ್ನ, ಲಿಲುವಾದಲ್ಲಿ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ, ಟುಸಿಯ ಫೋನು ಬಂತು. ಸುತ್ತ ಹುಡುಗರ ಗದ್ದಲ ಕೇಳುತ್ತಿತ್ತು.

"ದಾದಾ, ಒಂದು ಮಾತು. ಜೂನಿಯರ್‌ಗಳಿಗೆ ಒಂದು ತರಗತಿ ತಗೋ ಅಂದಿದ್ದಾರೆ. ಆ ಸೋಲಿನ ಪ್ರಶ್ನೆಗೆ ನಾನು ಹೇಳಿದ ಉತ್ತರ ಇದೆಯಲ್ಲ, ಅದನ್ನೇ ಮಾದರಿ ಅಂತ ತೋರಿಸ್ಬೇಕಂತೆ. ನಿನ್ನ ಹೆಸರು ಹೇಳಲ್ಲ. ಬೇಡ ಅಂದ್ರೆ ಬೇಡ."

ಅವನು ಕೈಯಲ್ಲಿದ್ದ ಪೆನ್ಸಿಲನ್ನು ನೋಡಿದ. ಮೊನೆ ಮುರಿದಿತ್ತು.

"ತೋರಿಸು" ಎಂದ. "ನಿಜ ತಾನೇ ಅದು."

"ಸಿಟ್ಟಿಲ್ಲ ಅಲ್ವಾ?"

"ಸಿಟ್ಟು ಯಾಕೆ? ಕೊನೆಯ ವಾಕ್ಯ ನಿಧಾನ ಹೇಳು. ಮಕ್ಕಳಿಗೆ ಅರ್ಥ ಆಗ್ಬೇಕು."