ಎರಡು ಹಲ್ಲು ಕಡಿಮೆ

ಹಲ್ಲಿಗೂ ಹಣ್ಣಿಗೂ ತೆಲುಗಿನಲ್ಲಿ ಬಹುವಚನ ಒಂದೇ, ಎರಡೂ 'ಪಳ್ಳು'. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ ಎನ್ನುವ ನಮ್ಮ ಶ್ರೀನಿವಾಸಪುರದ ಕಡೆಯವರಿಗೆ ಇದೇನೂ ಹೊಸ ಸಂಗತಿಯಲ್ಲ. ಹಣ್ಣು ತಿನ್ನಲು ಹಲ್ಲು ಬೇಕು, ಹಲ್ಲು ಉದುರುವುದು ಮನುಷ್ಯ ಹಣ್ಣಾದ ಮೇಲೆ. ಆದ್ದರಿಂದ ಪೂರ್ವಿಕರು ಯೋಚಿಸಿಯೇ ಒಂದು ಪದದಲ್ಲಿ ಎರಡು ಸಂಸಾರ ತೂಗಿಸಿದ್ದಾರೆ ಎಂದು, ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತಲೇ ದವಡೆ ಹಲ್ಲುಗಳನ್ನು ಕಳೆದುಕೊಂಡ ಕನ್ನಡ ಮೇಷ್ಟ್ರು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಈ ಶ್ಲೇಷೆ ನನ್ನನ್ನು ನಿಜವಾಗಿ ಕಚ್ಚಿದ್ದು ಒಂದು ಆಟದ ಕಾರಿನ ದೆಸೆಯಿಂದ.

ಆಟದ ಕಾರು ಎಂದರೆ ಮುನಿರಾಜನಿಗೆ ಕೋಪ ಬರುತ್ತದೆ. ಮಾಲೂರಿನ ಮುನಿರಾಜ ನನ್ನ ಕಾಲೇಜಿನ ಕಾಲದ ಗೆಳೆಯ. ಅವನ ಪ್ರಕಾರ ಅದು ಬಗ್ಗಿ. ರಿಮೋಟಿನ ಆಜ್ಞೆಗೆ ಧೂಳೆಬ್ಬಿಸಿ ಓಡುವ, ಮೊಣಕಾಲಿನ ಎತ್ತರಕ್ಕೂ ಬಾರದ ರೇಸಿನ ಗಾಡಿ. ಬೆಂಕಿ ಆರಿ ವರ್ಷಗಳಾದ ಇಟ್ಟಿಗೆ ಗೂಡೊಂದರ ಬಯಲಿನಲ್ಲಿ ಭಾನುವಾರ ನರಸಾಪುರದ ಕಂಪನಿ ಹುಡುಗರು ತಮ್ಮ ತಮ್ಮ ಬಗ್ಗಿಗಳೊಂದಿಗೆ ಸೇರುತ್ತಾರೆ. ಅವರ ನಡುವೆ ನರೆತ ತಲೆಯ ನಾವಿಬ್ಬರು. ಗಾಡಿ ಇಬ್ಬರದು. ಓಡಿಸುವುದು ಅವನು, ಬಿಚ್ಚಿ ಜೋಡಿಸುವುದು ನಾನು.

ಬಗ್ಗಿಗೆ ಮೋಟರು, ಬ್ಯಾಟರಿ, ಗೇರು ಹೊಂದಿಸುವುದು ಗಂಡು ಹೆಣ್ಣಿನ ಜಾತಕ ಕೂಡಿಸುವುದಕ್ಕಿಂತ ಕಷ್ಟ. ಚುರುಕು ಮೋಟರು ತಂದರೆ ಬ್ಯಾಟರಿ ಬೇಗ ಸೊರಗುತ್ತದೆ. ಬಲವಾದ ಬ್ಯಾಟರಿ ಹಾಕಿದರೆ ಮೋಟರು ಕಾದು ಕೆಂಡವಾಗುತ್ತದೆ. ಇಬ್ಬರ ನಡುವೆ ರಾಜಿ ಮಾಡಿಸುವುದು ಮೋಟರಿನ ಮೂತಿಗೆ ಕೂರುವ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ. ಅದರ ಹಲ್ಲು ಹೆಚ್ಚಾದರೆ ಗಾಡಿ ಹಾರುತ್ತದೆ, ಮೋಟರು ಬೇಯುತ್ತದೆ. ಕಡಿಮೆಯಾದರೆ ಗಾಡಿ ನಿಧಾನ, ಮೋಟರು ತಂಪು. ಬೆಂದಿದೆಯೇ ಎಂದು ಮುದ್ದೆಗೆ ಒದ್ದೆ ಬೆರಳು ತಾಗಿಸುವಂತೆ ನಾನು ಪ್ರತಿ ಓಟದ ನಂತರ ಮೋಟರನ್ನು ಮುಟ್ಟಿ ನೋಡುತ್ತಿದ್ದೆ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆ ಕಟ್ಟಿದವನು ಖಂಡಿತ ಬಗ್ಗಿ ಓಡಿಸಿದ್ದಿರಬೇಕು.

ಹೋದ ವರ್ಷದ ಮಾವಿನ ಕಾಲ. ಮುನಿರಾಜ ಫೋನ್ ಮಾಡಿದಾಗ ನಾನು ಬಚ್ಚಲಲ್ಲಿದ್ದೆ, ನನ್ನ ಹೆಂಡತಿ ಎತ್ತಿಕೊಂಡಳು. ಅವಳೊಡನೆ ಅವನದು ತೆಲುಗೇ. "ವದಿನಾ, ಈಸಾರಿ ರೆಂಡು ಪಳ್ಳು ತಕ್ಕುವ ತೆಮ್ಮನು" ಎಂದನಂತೆ. ಎರಡು ಹಲ್ಲು ಕಡಿಮೆಯಿರುವ ಪಿನಿಯನ್ ತರಲು ಹೇಳಿ ಅತ್ತಿಗೆ ಎಂದು ಅವನ ಅರ್ಥ. ಶುಗರ್ ಇರುವ ಮನುಷ್ಯನಿಗೆ ಕಡೆಗೂ ಬುದ್ಧಿ ಬಂತಲ್ಲ ಎಂದು ಹಿಗ್ಗಿದ ಇವಳು, ಅವನಿಗೆಂದು ಕಟ್ಟಿಟ್ಟಿದ್ದ ಬಾದಾಮಿ ಮಾವಿನ ಚೀಲದಿಂದ ಎರಡು ಹಣ್ಣು ತೆಗೆದಿಟ್ಟಳು. ನನಗೆ ವಿಷಯವನ್ನೇ ಹೇಳಲಿಲ್ಲ. ಗಾಡಿ ಹಳೆಯ ಹಲ್ಲಿನಲ್ಲೇ ಬಯಲಿಗಿಳಿಯಿತು.

ಕೆಲವು ಸುತ್ತು ಸರಿಯಾಗಿಯೇ ಹೋಯಿತು. ಆಮೇಲೆ ತಿರುವಿನಲ್ಲಿ ತಿರುಗದೆ ನೇರ ಹೋಗಿ ಗೂಡಿನ ಮುರುಕು ಗೋಡೆಗೆ ಬಡಿಯಿತು. "ಹಲ್ಲು ಕಮ್ಮಿ ಮಾಡು ಅಂತ ಹೇಳಿರ್ಲಿಲ್ವೇನ್ಲಾ? ಮೋಟ್ರು ಕಾದೋಗೈತೆ ನೋಡು" ಎಂದು ಮುನಿರಾಜ ರೇಗಿದ. ಆ ಬೇಸಿಗೆಯಲ್ಲಿ ಅವನು ಇದೇ ಕಾರಣ ಕೊಟ್ಟು ಆಗಲೇ ಹಲವು ಸಲ ಹಲ್ಲು ಕಡಿಮೆ ಮಾಡಿಸಿದ್ದ. ನಾನು ಹೋಗಿ ಮೋಟರನ್ನು ಮುಟ್ಟಿದೆ. ಆಗತಾನೆ ಹಾಲು ಕರೆದ ಚೊಂಬಿನಷ್ಟು ಬೆಚ್ಚಗಿತ್ತು, ಅಷ್ಟೇ. ತಲೆಯೆತ್ತಿದರೆ ಅವನು ಇನ್ನೂ ತಿರುವಿನ ಕಡೆಗೇ ನೋಡುತ್ತಿದ್ದ. "ಎಲ್ಲಿ ಬಿದ್ದೈತೆ ಲೇ?" ಎಂದು ಕೇಳಿದ.

ಶುಗರ್ ಅವನ ಕಣ್ಣನ್ನು ತಿನ್ನುತ್ತಿತ್ತು. ದೃಷ್ಟಿ ಮಬ್ಬಾದಂತೆಲ್ಲ, ಅದರ ಹಿಡಿತಕ್ಕೆ ಸಿಗುವಷ್ಟು ನಿಧಾನಕ್ಕೆ ಗಾಡಿಯನ್ನು ಇಳಿಸುತ್ತಾ ಬಂದಿದ್ದ. ಆ ಹಲ್ಲುಗಳನ್ನೆಲ್ಲ ನನ್ನ ಕೈಯಿಂದಲೇ ಕೀಳಿಸಿದ್ದ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆಟಾನೇ ನಿಲ್ಲಿಸ್ಬಿಡ್ತಿದ್ದೆ ಕಣೋ. ಡಾಕ್ಟ್ರು ಹೇಳವ್ರೆ, ಹೋಗಿದ್ದು ವಾಪಸ್ ಬರಲ್ವಂತೆ."

ಅವನ ಮಾತು ನಿಜ, ನಿಲ್ಲಿಸಿಬಿಡುತ್ತಿದ್ದೆ. ಬದಲಿಗೆ ಆ ಮಳೆಗಾಲವೆಲ್ಲ ಮರುಮಾತಿಲ್ಲದೆ ಹಲ್ಲು ಇಳಿಸುತ್ತಾ ಹೋದೆ. ಕಂಪನಿ ಹುಡುಗರ ಬಗ್ಗಿಗಳು ಸುತ್ತಿನ ಮೇಲೆ ಸುತ್ತು ಹಾಕುವಾಗ ನಮ್ಮದು ತುಂಬಿದ ಬಸುರಿಯಂತೆ ನಡೆಯುತ್ತಿತ್ತು. ಕೊನೆಗೆ ಅಂಗಡಿಯಲ್ಲಿ ಅದಕ್ಕಿಂತ ಚಿಕ್ಕ ಪಿನಿಯನ್ನೇ ಇಲ್ಲ ಎಂದರು. ಅದನ್ನು ಹೇಳಿದ ಮೇಲೆ ಮುನಿರಾಜ ಬಯಲಿಗೆ ಬರಲಿಲ್ಲ, ಗಾಡಿ ನಮ್ಮನೆಯ ಅಟ್ಟ ಸೇರಿತು.

ಮತ್ತೆ ಮಾವಿನ ಕಾಲ ಬಂದಿದೆ. ನಿನ್ನೆ ಅವನ ಫೋನ್ ಬಂತು, ಈ ಸಲವೂ ಎತ್ತಿಕೊಂಡವಳು ನನ್ನ ಹೆಂಡತಿಯೇ, ನಾನು ಪಕ್ಕದಲ್ಲೇ ಕೂತಿದ್ದೆ. "ವದಿನಾ, ಈಸಾರಿ ಪಳ್ಳು ಎಕ್ಕುವ ತೆಮ್ಮನು" ಎಂದ. ಜಾಸ್ತಿ ತರಲಿ ಎಂದು. ನಾನು ಫೋನು ಇಸಿದುಕೊಂಡೆ.

"ಜಾಸ್ತಿ ಯಾಕೋ? ಗಾಡಿ ಹಾರೋಗ್ತದೆ."

"ಹಾರ್ಲಿ ಬಿಡೋ. ನಿಧಾನಕ್ಕೆ ಹೋದ್ರೂ ನಂಗೆ ಕಾಣಲ್ಲ, ಜೋರಾಗಿ ಹೋದ್ರೂ ಕಾಣಲ್ಲ. ರಿಮೋಟು ನೀನೇ ಹಿಡ್ಕೊ. ನಾನು ಸದ್ದು ಕೇಳ್ತಾ ನಿಂತ್ಕೊತೀನಿ."

ಒಮ್ಮೆ ಮೋಸ ಹೋದ ಇವಳು ಈ ಸಲ ಎಚ್ಚರಿಕೆಯಿಂದ, ನನ್ನ ಕೈಲಿದ್ದ ಫೋನಿಗೇ ಬಗ್ಗಿ, ಯಾವ ಪಳ್ಳು ಎಂದು ಕೇಳಿದಳು. ಆ ಕಡೆಯಿಂದ ಅವನು ನಗುತ್ತಾ "ರೆಂಡೂನು ವದಿನಾ" ಎಂದ. ಎರಡೂ.

ದೊಡ್ಡ ಪಿನಿಯನ್ ಹುಡುಕಿ ಕೂರಿಸಿದೆ. ಇವಳು ಬಾದಾಮಿ ಹಣ್ಣು ಚೀಲಕ್ಕೆ ತುಂಬಿದಳು; ಹೋದ ವರ್ಷದ ನೆನಪಿನಲ್ಲಿ ಎರಡನ್ನು ತೆಗೆದು ಪಕ್ಕಕ್ಕಿಟ್ಟು, ಸ್ವಲ್ಪ ಹೊತ್ತು ನೋಡಿ, ಅವನ್ನೂ ಒಳಗೆ ಹಾಕಿ ಬಾಯಿ ಕಟ್ಟಿದಳು.