ನಂಜಪ್ಪನ ಓದಿಗೆ ಹೂ ಕೇಳಿದ್ದು

ನನ್ನ ಮೈದುನ ನಂಜಪ್ಪ ಬ್ಯಾಂಕಿಂಗ್ ಓದಿದ್ದು ಊರಮ್ಮ ಹೂ ಕೊಟ್ಟಳು ಅಂತಲ್ಲ, ಅವನಿಗೆ ಹೊಟ್ಟೆ ಹಸಿದಿತ್ತು ಅಂತ. ನಮ್ಮ ಮನೆಯಲ್ಲಿ ಬೇರೆ ಏನೇನೋ ಕತೆ ಹೇಳುತ್ತಾರೆ. ನಂಬಬೇಡಿ. ನಾನು ಅಲ್ಲೇ ಇದ್ದೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಸಂಜೆ ಹಾಲಿಗೆಂದು ಫ್ರಿಜ್ಜು ತೆಗೆದರೆ ಸಣ್ಣಗೆ ಕಣಗಿಲೆ ಹೂವಿನ ವಾಸನೆ ಬಂತು. ಮೊಸರಿನ ಪಾತ್ರೆಯ ಪಕ್ಕ ಬಾಳೆ ಎಲೆಯಲ್ಲಿ ಸುತ್ತಿಟ್ಟಿದ್ದರು. “ಅತ್ತೆ, ನಾಳೆ ಬೆಳಿಗ್ಗೆ ಅಮ್ಮನ ಗುಡೀಲಿ ದಿವ್ಯಾಗೆ ಹೂ ಕೇಳಿಸ್ಕೊಂಡು ಬರೋಣ ಅಂತ,” ಅಂದಳು ಸೊಸೆ. ದಿವ್ಯಾ ನನ್ನ ಮೊಮ್ಮಗಳು, ಬಿಬಿಎ ಓದುತ್ತಾಳೆ. ಅದರೊಳಗೆ ಮತ್ತೆ ಫೈನಾನ್ಸು, ಮಾರ್ಕೆಟಿಂಗು, ಎಚ್ಚಾರ್ ಅಂತ ಮೂರು ದಾರಿಯಂತೆ, ಒಂದನ್ನು ಹಿಡಿಯಬೇಕಂತೆ. ಒಂದು ವಾರದಿಂದ “ನೀನೇ ಹೇಳಜ್ಜಿ” ಅಂತ ನನ್ನ ಸೆರಗು ಹಿಡಿದುಕೊಂಡು ತಿರುಗುತ್ತಿದ್ದಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಅಮ್ಮನಿಗೋ ಇರುವುದು ಎರಡೇ ಭುಜ. ಮೂರನೇ ಹೂವನ್ನು ಎಲ್ಲಿ ಅಂಟಿಸುತ್ತಾರೋ ನೋಡಬೇಕು ಅಂದುಕೊಂಡೆ.

ನಂಜಪ್ಪನ ಕಾಲದಲ್ಲಿ ದಾರಿ ಎರಡೇ. ಆದರೂ ಕಷ್ಟವೇನೂ ಕಮ್ಮಿಯಾಗಲಿಲ್ಲ. ಆಗ ಕೊಡಿಗೇಹಳ್ಳಿ ಇನ್ನೂ ಹಳ್ಳಿ. ಈಗ ಸಹಕಾರನಗರ ಅಂತ ಮನೆ ಎದ್ದಿರುವ ಕಡೆ ನಮ್ಮ ರಾಗಿ ಹೊಲ. ಊರಲ್ಲಿ ಬಿ.ಕಾಂ ಅಂತ ಓದಲು ಹೋದವನು ಇವನೊಬ್ಬನೇ. ಯಾಕೆ ಹೋದ ಅಂದರೆ, ಜೊತೆಯವನೊಬ್ಬ ಸೇರಿದ, ಇವನೂ ಸೇರಿದ. ಕೊನೆಯ ವರ್ಷಕ್ಕೆ ಬಂದಾಗ ಬ್ಯಾಂಕಿಂಗೋ ಕಾಸ್ಟಿಂಗೋ ಹೇಳು ಅಂದರಂತೆ ಕಾಲೇಜಿನಲ್ಲಿ. ಮನೆಗೆ ಬಂದು ಜಗಲಿಯ ಮೇಲೆ ಕೂತ.

ನಮ್ಮ ಮಾವನಿಗೆ ಬ್ಯಾಂಕು ಗೊತ್ತಿತ್ತು, ಅಂದರೆ ಹೊರಗಿನಿಂದ ನೋಡಿದ್ದರು. ಅಲ್ಲಿ ಫ್ಯಾನಿನ ಕೆಳಗೆ ಕೂರುತ್ತಾರೆ ಅನ್ನುವುದು ಅವರಿಗೆ ಬಹಳ ಹಿಡಿಸಿತ್ತು. ನಮ್ಮ ಮನೆಯವರಿಗೆ ಜಾಲಹಳ್ಳಿಯ ಕಾರ್ಖಾನೆಗಳ ಹುಚ್ಚು. ತಮ್ಮ ಕಾಸ್ಟಿಂಗ್ ಓದಿದರೆ ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸು, ನಲ್ಲಿ ನೀರು.

“ಕಾಸ್ಟಿಂಗು ಅಂದ್ರೆ ಏನ್ಲಾ ಅದು?” ಅಂದರು ಮಾವ.

“ಒಂದು ಸಾಮಾನು ಮಾಡಕ್ಕೆ ಏನೇನ್ ಖರ್ಚು ಬಿತ್ತು ಅಂತ ಕಂಡಿಡಿಯೋದು ಕಣಪ್ಪ,” ಅಂದ ನಂಜಪ್ಪ.

“ಅದಕ್ಕೆ ಕಾಲೇಜಿಗೆ ಓಗ್ಬೇಕಾ? ನಿಮ್ಮತ್ಗೆ ಒಲೆ ಮುಂದೆ ಕೂತ್ಕಂಡು ದಿನಾ ಗೊಣಗ್ತಾಳಲ್ಲ, ಅದೇಯ!”

ನಾನು ಒಳಗಿಂದ ಪಾತ್ರೆ ಜೋರಾಗಿ ಇಟ್ಟೆ. ಅಪ್ಪ, ದೊಡ್ಡ ಮಗ ಹಿಂಗೇ ಎಳೆದಾಡಿ, ಕಡೆಗೆ ಅಮ್ಮನ ಮುಂದೆ ಹೂ ಕೇಳುವುದು ಅಂತಾಯಿತು. ನಿನಗೇನು ಬೇಕು ಅಂತ ನಂಜಪ್ಪನನ್ನು ಯಾರೂ ಕೇಳಲಿಲ್ಲ. ಪಾಪ, ಕೇಳಿದ್ದರೂ ಅವನ ಹತ್ತಿರ ಹೇಳಲು ಏನೂ ಇರಲಿಲ್ಲ.

ಹೂ ಕೇಳುವುದು ಅಂದರೆ, ಎರಡು ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿ ಕಾಯುವುದು. ಯಾವ ಕಡೆಯದು ಬೀಳುತ್ತದೋ ಅದು ಅಮ್ಮನ ಮಾತು. ಬೀಳುವ ತನಕ ಯಾರೂ ಏನೂ ತಿನ್ನುವ ಹಾಗಿಲ್ಲ. ಬಲಕ್ಕೆ ಬ್ಯಾಂಕಿಂಗು, ಎಡಕ್ಕೆ ಕಾಸ್ಟಿಂಗು ಅಂದುಕೊಂಡು ಕೂತೆವು. ಸ್ವಲ್ಪ ಹೊತ್ತಿಗೆಲ್ಲ ಒಂದು ಹೂ ಟಪ್ಪನೆ ಬಿತ್ತು.

“ಬಲಕ್ಕೆ ಕೊಟ್ಳು ತಾಯಿ!” ಅಂತ ಮಾವ ಕೈ ಮುಗಿದರು.

“ಅದು ನಮ್ಮ ಬಲ ಕಣಪ್ಪ,” ಅಂದರು ನಮ್ಮ ಮನೆಯವರು. “ಅಮ್ಮ ನಮ್ಮ ಕಡೆ ಮುಖ ಮಾಡ್ಕೊಂಡು ಕೂತವ್ಳೆ. ಅವ್ಳಿಗೆ ಅದು ಎಡ.”

ಮಾವ ಪೂಜಾರಿಯ ಮುಖ ನೋಡಿದರು. ಪೂಜಾರಿ ಜಾಣ. “ಯಾರ ಬಲ ಅಂತ ಮನಸ್ನಲ್ಲಿ ಅಂದ್ಕೊಂಡಿದ್ರಿ, ಗೌಡ್ರೇ?” ಅಂದ. ಯಾರೂ ಹಾಗೆ ಯೋಚನೆ ಮಾಡಿರಲಿಲ್ಲ. ಇನ್ನೊಂದು ಸಲ ಕೇಳೋಣ ಅಂತಾಯಿತು.

ಈ ಸಲ ಹೂ ಬೀಳಲೇ ಇಲ್ಲ. ನನ್ನ ಕೇಳಿದರೆ ಹೂ ಒಣಗಿದರೆ ಬೀಳುತ್ತದೆ, ಒಣಗದಿದ್ದರೆ ಇಲ್ಲ. ಅವತ್ತು ಮೋಡ ಮುಚ್ಚಿಕೊಂಡು ಸೋನೆ ಬೇರೆ ಶುರುವಾಗಿತ್ತು. ಮಧ್ಯಾಹ್ನವಾಯಿತು. ಮನೆಯಲ್ಲಿ ನಾನು ಬಸ್ಸಾರು ಮಾಡಿ ಮುಚ್ಚಿಟ್ಟು ಬಂದಿದ್ದೆ, ಹಿಟ್ಟು ಕೂಡಿಸುವುದೊಂದೇ ಬಾಕಿ. ಎಲ್ಲರ ಕಣ್ಣೂ ಅಮ್ಮನ ಮೇಲೆ, ಮನಸ್ಸು ಮುದ್ದೆ ಮೇಲೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ನಂಜಪ್ಪ ತಲೆ ಎತ್ತದೆ ಅಂದ, “ಅಪ್ಪಾ, ಬ್ಯಾಂಕಿಂಗೇ ಇರ್ಲಿ. ಒಟ್ಟೆ ಅಸೀತೈತೆ.”

ಮಾವ ಅಷ್ಟು ಬೇಗ ಎದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಊರಿಗೆಲ್ಲ ಅಮ್ಮ ಬಲಕ್ಕೆ ಕೊಟ್ಟಳು ಅಂತ ಹೇಳಿದರು. ಬಡಿಸುವಾಗ ನಾನು ನಂಜಪ್ಪನನ್ನು ಮೆಲ್ಲಗೆ ಕೇಳಿದೆ, “ಬ್ಯಾಂಕಿಂಗೇ ಯಾಕಂದ್ಯೋ?”

“ಅಪ್ಪ ಅತ್ರ ಕೂತಿತ್ತು ಕಣತ್ಗೆ. ಅಣ್ಣ ದೂರ ನಿಂತಿದ್ದ.”

ಕೆಟ್ಟು ಹೋಗಲಿಲ್ಲ ಅವನು. ಬ್ಯಾಂಕಿನಲ್ಲಿ ಕೆಲಸವಾಯಿತು, ತಲೆಯ ಮೇಲೆ ಫ್ಯಾನು ತಿರುಗಿತು. ಆದರೆ ಅವತ್ತು ಹಿಡಿದ ರೋಗ ಬಿಡಲಿಲ್ಲ. ಹೆಣ್ಣು ನೋಡಲು ಹೋದರೆ ಹುಡುಗಿಯನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದ. ಯಲಹಂಕದ ಹೋಟೆಲಿಗೆ ಹೋದರೆ ಮಾಣಿ ಬಂದು ನಿಂತು ಕಾಲು ಬದಲಾಯಿಸುತ್ತಿದ್ದ, ಇವನು ಮಾತ್ರ “ನೀವೇನ್ ತಗೋತೀರೋ ನಂಗೂ ಅದೇ” ಅನ್ನುತ್ತಿದ್ದ. ರಿಟೈರಾದ ಮೇಲೊಮ್ಮೆ ಇದೇ ಜಗಲಿಯ ಮೇಲೆ ಕೂತು, “ಅತ್ಗೆ, ನಂಗೆ ಏನು ಇಷ್ಟ ಇತ್ತು ಅಂತ ನಿಂಗೇನಾದ್ರೂ ಗೊತ್ತಾ?” ಅಂತ ಕೇಳಿದ. ತಮಾಷೆಗೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಫ್ರಿಜ್ಜಿನ ಮುಂದೆ ನಿಂತಾಗ ಹಿಂದಿನಿಂದ ದಿವ್ಯಾ ಮತ್ತೆ ಅಂದಳು, “ನೀನೇ ಹೇಳಜ್ಜಿ.” ಅದೇ ದನಿ. ಫ್ರಿಜ್ಜಿನ ಬಾಗಿಲು ಹಾಕಿದೆ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಕ್ಕಿ ರೊಟ್ಟಿ ತಟ್ಟಿದೆ. ಸೊಸೆ ತಲೆಗೆ ನೀರು ಹಾಕಿಕೊಳ್ಳಲು ಹೋದ ಹೊತ್ತು ನೋಡಿ ದಿವ್ಯಾಳನ್ನು ಎಬ್ಬಿಸಿ, ತಟ್ಟೆಯ ಮುಂದೆ ಕೂರಿಸಿದೆ.

“ಅಜ್ಜಿ, ಹೂ ಕೇಳೋ ತನಕ ಉಪವಾಸ ಇರ್ಬೇಕಂತೆ!”

“ಗೊತ್ತು. ಚಟ್ನಿನೋ, ಬೆಲ್ಲನೋ?”

“ಯಾವ್ದಾದ್ರೂ ಹಾಕಜ್ಜಿ.”

ಎರಡು ಬಟ್ಟಲನ್ನೂ ಅವಳ ಮುಂದಿಟ್ಟು, ಅವಳೇ ಒಂದಕ್ಕೆ ಕೈ ಚಾಚುವ ತನಕ ರೊಟ್ಟಿಯನ್ನು ತಟ್ಟೆಗೆ ಹಾಕದೆ ನಿಂತಿದ್ದೆ.