ಎರಡು ಮಣೆಯ ಎತ್ತರ

ನನ್ನ ಮದುವೆಯಲ್ಲಿ ಅಂತರಪಟ ಹಿಡಿದಾಗ ಗಂಡನ ಕಾಲಡಿ ಎರಡು ಮಣೆ ಇಟ್ಟಿದ್ದರು, ನನ್ನ ಕಾಲಡಿ ಒಂದೂ ಇಲ್ಲ. ಆದರೂ ನಾನೇ ಎತ್ತರ. ಹಿಂದೆ ನಿಂತಿದ್ದ ಸೋದರತ್ತೆ, "ಏ ಹುಡುಗಿ, ಕುತ್ತಿಗಿ ಬಗ್ಗಸು, ಮಂದಿ ನೋಡಾಕತ್ತಾರ" ಎಂದು ಬೆನ್ನಿಗೆ ತಿವಿದಳು. ಬಗ್ಗಿಸಿದೆ. ಆ ಕುತ್ತಿಗೆಯನ್ನು ತೆಲುಗು ನಾಡಿನ ಮಲ್ಕಾಜ್‌ಗಿರಿಗೆ ಸಂಸಾರ ಮಾಡಲು ಬಂದ ಮೇಲೂ ಎತ್ತಲಿಲ್ಲ. ರೈಲ್ವೆ ನೌಕರಿಯ ಗಂಡನ ಪಕ್ಕ ನಡೆಯುವಾಗೆಲ್ಲ ಭುಜ ತಾನಾಗಿ ಇಳಿಯುತ್ತಿತ್ತು. ಹಾಗೆ ಮಾಡು ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಬೇಡ ಎಂದೂ ಅಂದಿರಲಿಲ್ಲ.

ಐವತ್ತು ದಾಟಿದ ಮೇಲೆ, ಜಡೆ ಹೆಣೆಯಲು ಕೈ ಎತ್ತಿದರೆ ಜೀವ ಹೋದಂತಾಗತೊಡಗಿತು. ಮಗಳು ಗಚ್ಚಿಬೌಲಿಯ ಒಬ್ಬ ಕೈರೋಪ್ರಾಕ್ಟರ್ ಬಳಿ ಕರೆದೊಯ್ದಳು. ಔಷಧಿ ಕೊಡದೆ, ಕೈಯಿಂದಲೇ ಬೆನ್ನೆಲುಬು ಸರಿಪಡಿಸುವವರು. ಎಕ್ಸ್‌ರೇ ನೋಡಿ, ಬೋರಲು ಮಲಗಿಸಿ ಬೆನ್ನು ಒತ್ತಿದರು. ಲಟ್ ಎಂದಿತು. "ಅಯ್ಯಯ್ಯೋ, ಮುರೀತಲ್ಲೋ ಯಪ್ಪಾ!" ಎಂದು ನಾನು ಕೂಗಿದ್ದಕ್ಕೆ ಹೊರಗೆ ಕುಳಿತವರೆಲ್ಲ ನಕ್ಕರಂತೆ. ಮುರಿದಿರಲಿಲ್ಲ, ಹಗುರಾಗಿತ್ತು. ದಿನಾ ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗಿಸಿ ನಿಲ್ಲಬೇಕೆಂದು ಹೇಳಿಕೊಟ್ಟರು.

ಅಡುಗೆಮನೆಯ ಗೋಡೆಗೆ ನಿಲ್ಲುತ್ತಿದ್ದೆ. ಗಂಡ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುವ ಸದ್ದಾದರೆ ಸಾಕು, ಮತ್ತೆ ಬಾಗುತ್ತಿದ್ದೆ. ನೆಟ್ಟಗೆ ನಿಂತರೆ ಅವರ ನೆತ್ತಿ ಕಾಣುತ್ತಿತ್ತು. ಪಾಪ, ನಾಲ್ಕು ಜನರ ಮುಂದೆ ಅವರಿಗೆ ಹೇಗಾದೀತು? ನೋವು ಮರಳಿತು. ಮತ್ತೆ ಹೋದಾಗ ಡಾಕ್ಟರು, "ನಾನು ನೆಟ್ಟಗೆ ಮಾಡಿ ಕಳಿಸುತ್ತೇನೆ, ನೀವು ಬಗ್ಗಿಸಿಕೊಂಡು ಬರುತ್ತೀರಿ, ಹೀಗಾದರೆ ನನ್ನ ಕೈಲಾಗದು" ಎಂದು ಹಿಂದಿಯಲ್ಲಿ ಸಿಡುಕಿದರು. ನನಗೂ ಸಿಟ್ಟು ಬಂತು. ನನ್ನ ಮನೆಯ ಸಂಗತಿ ಅವರಿಗೇನು ಗೊತ್ತು!

ಮಗಳ ನಿಶ್ಚಿತಾರ್ಥದಲ್ಲಿ ನಮ್ಮಿಬ್ಬರನ್ನು ಫೋಟೋಕ್ಕೆ ನಿಲ್ಲಿಸಿದರು. ಬೀಗರೆಲ್ಲ ಎದುರಿಗೇ ಕುಳಿತಿದ್ದರು. ನನ್ನ ಭುಜ ಇಳಿಯತೊಡಗಿತು. ಗಂಡ ನನ್ನ ಬೆನ್ನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದರು.

"ನೆಟ್ಟಗ ನಿಲ್ಲು."

"ಬೀಗರು ನೋಡಾಕತ್ತಾರ್ರೀ."

"ನೋಡ್ಲಿ ಬಿಡು. ನಾ ಗಿಡ್ಡ ಅದೀನಿ ಅಂತ ನನಗ ಗೊತ್ತಿಲ್ಲೇನು? ಎರಡು ಮಣಿ ಹತ್ತಿ ನಿಂತಾಂವ ನಾನ ಅಲ್ಲೇನು?"

ನಗು ಬಂತು, ಕಣ್ಣೂ ತುಂಬಿತು. ಇಷ್ಟು ವರ್ಷ ಈ ಮಾತಿಗೇ ಕಾದಿದ್ದೆನೇನೋ. ತಲೆ ಎತ್ತಿದೆ.

ಆ ಫೋಟೋ ಈಗ ಹಾಲ್‌ನ ಗೋಡೆಯ ಮೇಲಿದೆ. ಅದರಲ್ಲಿ ನಾನು ಅವರಿಗಿಂತ ಎದ್ದು ಕಾಣುವಷ್ಟು ಎತ್ತರ. ಅವರ ಬಲಗೈ ಮಾತ್ರ ಕಾಣುವುದಿಲ್ಲ. ಅದು ನನ್ನ ಬೆನ್ನ ಮೇಲಿದೆ.